ತಾಮ್ರದಲ್ಲಿ ಕೊರೆದ ಮುಖಗಳು

ಈ ಮಾತುಗಳನ್ನಾಡುತ್ತಿರುವ ನನ್ನ ಮುಖ ನಿಮಗೆ ಕಾಣುತ್ತಿಲ್ಲ. ದನಿಯೊಂದೇ ನಿಮ್ಮ ಪಡಸಾಲೆಯವರೆಗೆ ಬಂದು ತಲುಪುತ್ತಿದೆ. ದನಿಯನ್ನು ಕೇಳುತ್ತ ಕೇಳುತ್ತ, ಮಾತನಾಡುವವನು ಹೇಗಿದ್ದಾನೋ ಎಂದು ಮನಸ್ಸು ತನಗೆ ತೋಚಿದ ಒಂದು ಮುಖವನ್ನು ಕಲ್ಪಿಸಿಕೊಳ್ಳುವುದು ರೇಡಿಯೋ ಕೇಳುವವರೆಲ್ಲರ ಅನುಭವ. ಇಂದು ನಾನು ಹೇಳಹೊರಟಿರುವುದು ಇದಕ್ಕೆ ವಿಲೋಮವಾದ ಒಂದು ಸಂಗತಿ. 16 ಮತ್ತು 17ನೆಯ ಶತಮಾನಗಳ ಇಂಗ್ಲೆಂಡಿನಲ್ಲಿ ಜನ ಕಿಕ್ಕಿರಿದು ನೆರೆದು ಕೇಳಿದ ಧರ್ಮೋಪದೇಶಕರ ದನಿ ಎಂದೋ ಅಡಗಿಹೋಯಿತು. ಅವರ ಮುಖಗಳು ಮಾತ್ರ ಉಳಿದಿವೆ. ತಾಮ್ರದ ತಗಡಿನ ಮೇಲೆ ಕೊರೆದು, ಮಸಿ ತುಂಬಿ, ಕಾಗದಕ್ಕೆ ಒತ್ತಿ ತೆಗೆದ ಅಂಗೈಯಗಲದ ಮುಖಗಳು. ಹಳೆಯ ಪ್ರವಚನ ಸಂಪುಟಗಳ ಮೊದಲ ಪುಟದಲ್ಲಿ ಅವು ಇಂದಿಗೂ ನಮ್ಮನ್ನು ನೇರವಾಗಿ ನೋಡುತ್ತ ಕುಳಿತಿವೆ.

ಅಂಥ ಚಿತ್ರಗಳಲ್ಲೆಲ್ಲ ವಿಲಕ್ಷಣವಾದ ಒಂದರಿಂದ ಪ್ರಾರಂಭಿಸುತ್ತೇನೆ. 1632ರಲ್ಲಿ ಲಂಡನ್ನಿನಲ್ಲಿ ಒಂದು ಸಣ್ಣ ಪುಸ್ತಕ ಅಚ್ಚಾಯಿತು. ‘ಡೆತ್ಸ್ ಡ್ಯುಯೆಲ್’ ಎಂದು ಅದರ ಹೆಸರು. ಮೃತ್ಯುವಿನ ದ್ವಂದ್ವಯುದ್ಧ ಎಂದು ಅರ್ಥ. ಅದರಲ್ಲಿರುವುದು ಕವಿ ಜಾನ್ ಡನ್ ಮಾಡಿದ ಕಟ್ಟಕಡೆಯ ಪ್ರವಚನ. ಕವಿಯೆಂದೇ ನಾವು ಬಲ್ಲ ಡನ್ ತನ್ನ ಜೀವನದ ಕೊನೆಯ ಹತ್ತು ವರ್ಷಗಳಲ್ಲಿ ಲಂಡನ್ನಿನ ಸೇಂಟ್ ಪಾಲ್ ಕೆಥೀಡ್ರಲಿನ ಡೀನ್, ಎಂದರೆ ಅಲ್ಲಿಯ ಮುಖ್ಯ ಪಾದ್ರಿ. 1631ರ ಫೆಬ್ರವರಿ 25ರಂದು, ರೋಗದಿಂದ ಕೃಶನಾಗಿದ್ದ ಅವನು ವೈಟ್‌ಹಾಲಿನ ಅರಮನೆಯಲ್ಲಿ ದೊರೆಯ ಮುಂದೆ ನಿಂತು ಸಾವನ್ನು ಕುರಿತು ಮಾತನಾಡಿದ. ಆ ದಿನ ಅವನನ್ನು ಕಂಡವರಿಗೆ, ಈತ ತನ್ನ ಉತ್ತರಕ್ರಿಯೆಯ ಪ್ರವಚನವನ್ನು ತಾನೇ ಮಾಡಿ ಮುಗಿಸುತ್ತಿದ್ದಾನೆ ಎನಿಸಿತಂತೆ. ಮಾರ್ಚ್ 31ರಂದು ಅವನು ತೀರಿಕೊಂಡ.

ಈ ನಡುವೆ ಅವನು ಒಂದು ಚಿತ್ರ ಬರೆಸಿಕೊಂಡನೆಂದು ಅವನ ಜೀವನಚರಿತ್ರೆಯನ್ನು ಬರೆದ ಐಸಾಕ್ ವಾಲ್ಟನ್ ಹೇಳುತ್ತಾನೆ. ಓದುವ ಕೋಣೆಯಲ್ಲಿ ಇದ್ದಲಿನ ಬೆಂಕಿ ಹಾಕಿಸಿ ಕೋಣೆಯನ್ನು ಬೆಚ್ಚಗೆ ಮಾಡಿಸಿದ. ಮರದಲ್ಲಿ ಕೆತ್ತಿಸಿದ ಒಂದು ಅಸ್ಥಿಕುಂಭ ಬಂತು, ತನ್ನ ಎತ್ತರದ ಒಂದು ಹಲಗೆಯೂ ಬಂತು. ಆಮೇಲೆ ಡನ್ ಮೈಮೇಲಿನ ಬಟ್ಟೆಗಳನ್ನೆಲ್ಲ ತೆಗೆದು, ಹೆಣಕ್ಕೆ ಹೊದಿಸುವ ಬಟ್ಟೆಯನ್ನು ಹೊದೆದು, ತಲೆಯ ಮೇಲೆಯೂ ಕಾಲಿನ ಬಳಿಯೂ ಅದಕ್ಕೆ ಗಂಟು ಹಾಕಿಸಿಕೊಂಡು, ಕಣ್ಣು ಮುಚ್ಚಿ, ಮುಖವನ್ನು ಪೂರ್ವಕ್ಕೆ ತಿರುಗಿಸಿ ಆ ಕುಂಭದ ಮೇಲೆ ನಿಂತ. ಚಿತ್ರಕಾರ ಹಲಗೆಯ ಮೇಲೆ ಆಳೆತ್ತರದ ಆಕೃತಿಯನ್ನು ಬರೆದ. ಆ ಚಿತ್ರವನ್ನು ಹಾಸಿಗೆಯ ಪಕ್ಕದಲ್ಲಿ ಇರಿಸಿಕೊಂಡು, ಉಳಿದ ದಿನಗಳಲ್ಲಿ ಗಳಿಗೆ ಗಳಿಗೆಗೂ ಅದನ್ನೇ ನೋಡುತ್ತಿದ್ದನಂತೆ. ಸಾಯುತ್ತಿರುವ ರೋಗಿ ಹಾಗೆ ನಿಂತಿರಲಾರ, ವಾಲ್ಟನ್ನನ ಮಾತನ್ನೆಲ್ಲ ಅಕ್ಷರಶಃ ನಂಬಬೇಕಾಗಿಲ್ಲ ಎನ್ನುವ ವಿದ್ವಾಂಸರೂ ಇದ್ದಾರೆ. ಇರಲಿ. ಚಿತ್ರವಂತೂ ನಮ್ಮ ಮುಂದಿದೆ. ‘ಡೆತ್ಸ್ ಡ್ಯುಯೆಲ್’ ಪುಸ್ತಕವನ್ನು ತೆರೆದವನಿಗೆ ಮೊದಲು ಎದುರಾಗುವುದು ಶವವಸ್ತ್ರದ ಮಡಿಕೆಗಳ ನಡುವೆ ಕಣ್ಣು ಮುಚ್ಚಿದ ಆ ಮುಖ. ಅದನ್ನು ತಾಮ್ರಕ್ಕೆ ಇಳಿಸಿದವನು ಮಾರ್ಟಿನ್ ಡ್ರೂಷೌಟ್. 1623ರಲ್ಲಿ ಷೇಕ್ಸ್‌ಪಿಯರನ ನಾಟಕಗಳ ಮೊದಲ ದೊಡ್ಡ ಸಂಪುಟ ಬಂದಾಗ, ನಾವೆಲ್ಲ ಕಂಡಿರುವ ಆ ಬೋಳುಹಣೆಯ ಕವಿಯ ಚಿತ್ರವನ್ನು ಕೊರೆದವನೂ ಇವನೇ. ಡನ್ನನ ಅದೇ ಶವವಸ್ತ್ರದ ರೂಪವನ್ನು ನಿಕೊಲಸ್ ಸ್ಟೋನ್ ಎಂಬ ಶಿಲ್ಪಿ ಅಮೃತಶಿಲೆಯಲ್ಲಿ ಕಡೆದ. 1666ರ ಮಹಾ ಅಗ್ನಿದುರಂತದಲ್ಲಿ ಹಳೆಯ ಸೇಂಟ್ ಪಾಲ್ ಸುಟ್ಟು ಕುಸಿದಾಗಲೂ ಆ ಶಿಲ್ಪ ಉಳಿದುಕೊಂಡಿತು.

ಡನ್ನನ ಚಿತ್ರ ವಿಲಕ್ಷಣವೆಂದೆ. ಆದರೆ ಅದರ ಹಿಂದಿನ ಬಯಕೆ ವಿಲಕ್ಷಣವಾದದ್ದಲ್ಲ. ಮಾತು ನಿಂತ ಮೇಲೆ ಮಾತನಾಡಿದವನ ಮುಖವನ್ನಾದರೂ ಉಳಿಸಿಕೊಳ್ಳಬೇಕೆಂಬ ಬಯಕೆ ಆ ಕಾಲದಲ್ಲಿ ನೂರಾರು ಪುಸ್ತಕಗಳಲ್ಲಿ ಕಾಣುತ್ತದೆ. ಅದು ಹುಟ್ಟಿದ್ದು ಎಂಥ ನೆಲದಲ್ಲಿ ಎಂಬುದನ್ನು ಗಮನಿಸಬೇಕು.

ಅದು ವಿಗ್ರಹಭಂಜನೆಯ ನೆಲ. 16ನೆಯ ಶತಮಾನದ ಮತಸುಧಾರಣೆಯಲ್ಲಿ ಇಂಗ್ಲೆಂಡ್ ರೋಮಿನ ಪೋಪನಿಂದ ಬೇರೆಯಾಯಿತು. ಆರನೆಯ ಎಡ್ವರ್ಡನ ಆಳಿಕೆಯಲ್ಲಿ, ಎಂದರೆ 1547ರಿಂದ 1553ರವರೆಗೆ, ಚರ್ಚುಗಳಲ್ಲಿದ್ದ ಸಂತರ ಪ್ರತಿಮೆಗಳನ್ನು ಇಳಿಸಿದರು, ಗೋಡೆಯ ಚಿತ್ರಗಳಿಗೆ ಸುಣ್ಣ ಬಳಿದರು. ಕೆತ್ತಿದ ವಿಗ್ರಹವನ್ನು ಮಾಡಿಕೊಳ್ಳಬಾರದು, ಅದಕ್ಕೆ ಅಡ್ಡಬೀಳಬಾರದು ಎಂಬುದು ಮೋಶೆಯ ಹತ್ತು ಆಜ್ಞೆಗಳಲ್ಲಿ ಒಂದಲ್ಲವೆ? ನೂರು ವರ್ಷಗಳ ತರುವಾಯ, ದೊರೆಗೂ ಪಾರ್ಲಿಮೆಂಟಿಗೂ ಯುದ್ಧ ನಡೆದಿದ್ದಾಗ, ವಿಲಿಯಂ ಡೌಸಿಂಗ್ ಎಂಬುವನು ಪಾರ್ಲಿಮೆಂಟ್ ಸೇನಾಧಿಪತಿಯ ಅಪ್ಪಣೆ ಹಿಡಿದು 1643 ಮತ್ತು 1644ರಲ್ಲಿ ಕೇಂಬ್ರಿಜ್‌ಷೈರ್ ಮತ್ತು ಸಫೊಕ್ ಪ್ರಾಂತಗಳ 250ಕ್ಕೂ ಹೆಚ್ಚು ಚರ್ಚುಗಳನ್ನು ಸುತ್ತಿದ. ಅಳಿದುಳಿದ ಬಣ್ಣದ ಗಾಜಿನ ಚಿತ್ರಗಳನ್ನು ಒಡೆಸಿದ. ಯಾವ ಊರಿನಲ್ಲಿ ಎಷ್ಟು ಒಡೆದದ್ದಾಯಿತು ಎಂಬುದಕ್ಕೆ ದಿನಚರಿಯನ್ನೂ ಬರೆದಿಟ್ಟ. ಇದೇ ಡೌಸಿಂಗ್ ಪ್ರವಚನಗಳನ್ನು ಬಹು ಶ್ರದ್ಧೆಯಿಂದ ಕೊಂಡು ಓದುತ್ತಿದ್ದವನು. ಪಾರ್ಲಿಮೆಂಟಿನ ಮುಂದೆ ನಡೆದ ಉಪವಾಸದಿನದ ಪ್ರವಚನಗಳ ಅಚ್ಚುಪ್ರತಿಗಳನ್ನು ಕೂಡಿಸಿ, ಅಂಚಿನಲ್ಲಿ ಟಿಪ್ಪಣಿ ಬರೆದುಕೊಂಡಿದ್ದ.

ಆ ಜನರ ಧರ್ಮಜೀವನದ ಕೇಂದ್ರ ಕಣ್ಣಿನಿಂದ ಕಿವಿಗೆ ಜರುಗಿತ್ತು. ಪೂಜಾಪೀಠಕ್ಕಿಂತ ಪ್ರವಚನಪೀಠ ದೊಡ್ಡದಾಯಿತು. ಒಂದು ಗಂಟೆ, ಒಮ್ಮೊಮ್ಮೆ ಎರಡು ಗಂಟೆ ನಡೆಯುವ ಉಪದೇಶವನ್ನು ಕೇಳಲು ಜನ ಪಕ್ಕದ ಊರಿಗೆ ನಡೆದುಹೋಗುತ್ತಿದ್ದರು. ಶೀಘ್ರಲಿಪಿ ಕಲಿತು ಕೇಳಿದ್ದನ್ನು ಬರೆದುಕೊಳ್ಳುವವರಿದ್ದರು. ಹೀಗೆ ದನಿಗೆ ಒಲಿದವರಿಗೆ ದನಿಯ ಒಡೆಯನ ಮೇಲೆ ಪ್ರೀತಿ ಹುಟ್ಟುವುದು ಸಹಜವೇ. ಆ ಪ್ರೀತಿ ಒಂದು ರೂಪವನ್ನು ಬೇಡಿತು. ಸಂತನ ಮುಖವನ್ನು ಚರ್ಚಿನ ಗೋಡೆಯಿಂದ ಅಳಿಸಿದವರೇ ಉಪದೇಶಕನ ಮುಖವನ್ನು ಪುಸ್ತಕದೊಳಗೆ ಬರಮಾಡಿಕೊಂಡರು. ಇದನ್ನು ಕಪಟವೆಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ. ಕಾಗದದ ಮುಖಕ್ಕೆ ಯಾರೂ ದೀಪ ಹಚ್ಚಲಿಲ್ಲ, ಮೊಣಕಾಲೂರಲಿಲ್ಲ. ಆದರೂ ಯಾವ ಹಸಿವನ್ನು ಚರ್ಚಿನಿಂದ ಹೊರಗಟ್ಟಿದ್ದರೋ ಅದು ಬೇರೊಂದು ಬಾಗಿಲಿನಿಂದ ಒಳಗೆ ಬಂದಿತೆಂಬುದು ಮಾತ್ರ ನಿಜ.

1563ರಲ್ಲಿ ಜಾನ್ ಫಾಕ್ಸ್ ಪ್ರಕಟಿಸಿದ ಹುತಾತ್ಮರ ಮಹಾಚರಿತ್ರೆಯಲ್ಲಿ ಚಿತ್ರಗಳಿವೆ. ಆದರೆ ಅವು ಮರದಚ್ಚಿನ ಚಿತ್ರಗಳು. ಬೆಂಕಿ, ಗುಂಪು, ಕಂಬಕ್ಕೆ ಕಟ್ಟಿದ ಮನುಷ್ಯ. ಅಲ್ಲಿ ಘಟನೆ ಮುಖ್ಯ, ಮುಖ ಮುಖ್ಯವಲ್ಲ. ಮುಖಗಳೇ ಮುಖ್ಯವಾದ ಗ್ರಂಥ ಬಂದದ್ದು 1620ರಲ್ಲಿ. ಹೆನ್ರಿ ಹಾಲೆಂಡ್ ಎಂಬುವನ ‘ಹೀರೋಲೊಜಿಯಾ ಆಂಗ್ಲಿಕಾ’ದಲ್ಲಿ ಇಂಗ್ಲೆಂಡಿನ ದೊರೆಗಳು, ವೀರರು, ಅವರ ಸಾಲಿನಲ್ಲಿಯೇ ಬೆಂಕಿಗೆ ಬಿದ್ದ ಕ್ರ್ಯಾನ್ಮರ್, ಲ್ಯಾಟಿಮರ್, ರಿಡ್ಲಿ, ಬೈಬಲನ್ನು ಇಂಗ್ಲಿಷಿಗೆ ತಂದ ಟಿಂಡೇಲ್ ಮೊದಲಾದವರ ಭಾವಚಿತ್ರಗಳಿವೆ. ಚಿತ್ರಗಳನ್ನು ಕೊರೆದವರು ಡಚ್ ದೇಶದ ಫಾನ್ ಡೆ ಪಾಸೆ ಮನೆತನದ ಅಣ್ಣತಂಗಿ, ವಿಲೆಮ್ ಮತ್ತು ಮಗ್ದಲೇನಾ. ಅಂದಿನ ಈ ಕಸಬಿನಲ್ಲಿ ಒಬ್ಬ ಹೆಣ್ಣುಮಗಳ ಹೆಸರು ನಿಲ್ಲುವುದು ಅಪರೂಪ, ಆದ್ದರಿಂದ ಹೇಳಿದೆ.

ಕಸಬಿನ ಮಾತು ಬಂದುದರಿಂದ ಅದನ್ನೂ ಸ್ವಲ್ಪ ವಿವರಿಸುತ್ತೇನೆ. ನಯಮಾಡಿದ ತಾಮ್ರದ ತಗಡು, ಅದರ ಮೇಲೆ ಗೆರೆ ಕೊರೆಯಲು ಮೊನಚಾದ ಉಕ್ಕಿನ ಕಂಠ. ಚಿತ್ರ ಅಚ್ಚಾಗುವಾಗ ಎಡಬಲ ಅದಲುಬದಲಾಗುವುದರಿಂದ ಕೊರೆಯುವವನು ಎಲ್ಲವನ್ನೂ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಕೊರೆಯಬೇಕು. ಅಡಿಯ ಬರಹವನ್ನಂತೂ ಒಂದೊಂದಕ್ಷರವನ್ನೂ ಹಿಂದುಮುಂದಾಗಿ. ಗೆರೆಗಳಿಗೆ ಮಸಿ ತುಂಬಿ, ತಗಡಿನ ಮೈಯನ್ನು ಒರೆಸಿ, ಒದ್ದೆಮಾಡಿದ ಕಾಗದವನ್ನು ಮೇಲಿಟ್ಟು ಎರಡು ಉರುಳೆಗಳ ನಡುವೆ ಹಾಯಿಸಿದರೆ ಚಿತ್ರ ಮೂಡುತ್ತದೆ. ಅಚ್ಚಿನ ಮೊಳೆಗಳ ಯಂತ್ರದಲ್ಲಿ ಇದು ಸಾಧ್ಯವಿಲ್ಲ, ಇದಕ್ಕೆ ಬೇರೆಯೇ ಯಂತ್ರ ಬೇಕು. ಆದ್ದರಿಂದ ಭಾವಚಿತ್ರ ಸಾಮಾನ್ಯವಾಗಿ ಬೇರೆ ಹಾಳೆಯಾಗಿ ಅಚ್ಚಾಗಿ, ಅನಂತರ ಪುಸ್ತಕಕ್ಕೆ ಸೇರುತ್ತಿತ್ತು. ಸೇರಿಸಿದ್ದನ್ನು ಕೀಳುವುದೂ ಸುಲಭ. ಈ ಸಣ್ಣ ತಾಂತ್ರಿಕ ವಿವರವನ್ನು ನೀವು ನೆನಪಿನಲ್ಲಿಟ್ಟುಕೊಳ್ಳಬೇಕು.

ಚಿತ್ರದ ಸುತ್ತ ಸಾಮಾನ್ಯವಾಗಿ ಒಂದು ಅಂಡಾಕಾರದ ಚೌಕಟ್ಟು. ಅದರಲ್ಲಿ ಲ್ಯಾಟಿನ್ನಿನಲ್ಲಿ ‘ವೇರಾ ಎಫಿಜೀಸ್’, ‘ಇದು ನಿಜವಾದ ಪ್ರತಿರೂಪ’ ಎಂಬ ಪ್ರಮಾಣವಾಕ್ಯ. ಪಕ್ಕದಲ್ಲಿ ಹೆಸರು, ಪದವಿ, ವಯಸ್ಸು. ಕಪ್ಪು ನಿಲುವಂಗಿ, ತಲೆಗೆ ಅಂಟಿಕೊಂಡ ಕಪ್ಪು ಟೊಪ್ಪಿಗೆ. ಕತ್ತಿನ ಸುತ್ತ ಮೊದಲ ದಿನಗಳಲ್ಲಿ ನಿರಿಗೆ ಹಿಡಿದ ದೊಡ್ಡ ಕೊರಳಪಟ್ಟಿ, ಆಮೇಲೆ ಭುಜದ ಮೇಲೆ ಬೀಳುವ ಸಾದಾ ಬಿಳಿಯ ಪಟ್ಟಿ. ಕೈಯಲ್ಲಿ ಪುಸ್ತಕ. ಎಷ್ಟೋ ಚಿತ್ರಗಳಲ್ಲಿ ಒಂದು ಬೆರಳು ಪುಟಗಳ ನಡುವೆ ಸಿಕ್ಕಿಕೊಂಡಿರುತ್ತದೆ. ಓದುತ್ತಿದ್ದವರು ನಾವು ಬಂದೆವೆಂದು ತಲೆಯೆತ್ತಿದಂತೆ. ಕೆಳಗೆ ನಾಲ್ಕಾರು ಪದ್ಯಪಂಕ್ತಿಗಳು. ಅವುಗಳ ಧಾಟಿ ಹೆಚ್ಚುಕಡಿಮೆ ಒಂದೇ: ಇಲ್ಲಿ ನೀನು ನೋಡುತ್ತಿರುವುದು ಇವರ ನೆರಳು, ಇವರ ಆತ್ಮ ಬೇಕಿದ್ದರೆ ಪುಟ ತಿರುವು. ಚಿತ್ರವನ್ನು ಮುಂದಿಟ್ಟು, ಅದರ ಕೆಳಗೆ ಚಿತ್ರವನ್ನು ನಂಬಬೇಡ ಎಂದು ಬರೆಯುವ ಈ ಸಂಕೋಚ ಆ ಕಾಲದ ಮನಸ್ಸನ್ನು ಚೆನ್ನಾಗಿ ತೋರಿಸುತ್ತದೆ.

‘ನಿಜವಾದ ಪ್ರತಿರೂಪ’ ಎಂಬ ಮಾತನ್ನು ಎಷ್ಟರಮಟ್ಟಿಗೆ ನಂಬೋಣ? ಪಿಯೆರ್ ಲೊಂಬಾರ್ ಎಂಬ ಫ್ರೆಂಚ್ ಕೊರೆಗಾರ 1650ರ ದಶಕದಲ್ಲಿ ಮಾಡಿದ ಒಂದು ಕುದುರೆಸವಾರನ ತಗಡಿದೆ. ಅದರಲ್ಲಿ ಕಾಲಕ್ಕೆ ತಕ್ಕಂತೆ ಕ್ರಾಮ್‌ವೆಲ್ಲನ ತಲೆಯೂ ಒಂದನೆಯ ಚಾರ್ಲ್ಸನ ತಲೆಯೂ ಬಂದುಹೋದವು. ಕುದುರೆ, ಕವಚ, ಸೇವಕ ಎಲ್ಲ ಅದೇ. ಪಾದ್ರಿಗಳ ಚಿತ್ರಗಳನ್ನು ಹೇರಳವಾಗಿ ಕೊರೆದ ವಿಲಿಯಂ ಮಾರ್ಷಲ್ ಕೈಯಲ್ಲಿ ಎಲ್ಲರೂ ಒಂದೇ ಅಚ್ಚಿನಿಂದ ಬಂದವರಂತೆ ಕಾಣುತ್ತಾರೆ. 1645ರಲ್ಲಿ ಅವನು ಮಿಲ್ಟನ್ ಕವಿಯ ಚಿತ್ರವನ್ನು ಕೊರೆದಾಗ, ಅದನ್ನು ಕಂಡು ಬೇಸತ್ತ ಮಿಲ್ಟನ್ ಗ್ರೀಕ್ ಭಾಷೆಯಲ್ಲಿ ಒಂದು ಪದ್ಯ ಬರೆದು ಚಿತ್ರದ ಕೆಳಗೆ ಕೊರೆಯಲು ಕೊಟ್ಟ. ಈ ಚಿತ್ರದವನು ಯಾರೆಂದು ಗುರುತಿಸಲಾರಿರಿ, ಇದನ್ನು ಮಾಡಿದ ಅಸಮರ್ಥನನ್ನು ನೋಡಿ ನಗಿರಿ ಎಂಬುದು ಅದರ ತಾತ್ಪರ್ಯ. ಗ್ರೀಕ್ ಬಾರದ ಮಾರ್ಷಲ್ ಪಾಪ, ತನ್ನ ಮೇಲಿನ ನಿಂದೆಯನ್ನು ತಾನೇ ಕೊರೆದುಕೊಟ್ಟ. ಮಿಲ್ಟನ್ ಇಷ್ಟು ಕಟುವಾಗಬೇಕಾಗಿರಲಿಲ್ಲ.

ಹೋಲಿಕೆ ಅರೆಬರೆಯಾದರೂ ಇಂಥ ಚಿತ್ರಗಳು ಮಾರಾಟವಾದವು, ಪುಸ್ತಕದೊಡನೆ ಮಾತ್ರವಲ್ಲ, ಬಿಡಿ ಹಾಳೆಗಳಾಗಿಯೂ. ಲಂಡನ್ನಿನ ಪೀಟರ್ ಸ್ಟೆಂಟ್ ಎಂಬ ಚಿತ್ರವ್ಯಾಪಾರಿ ತನ್ನಲ್ಲಿರುವ ತಗಡುಗಳ ಪಟ್ಟಿಯನ್ನೇ ಅಚ್ಚುಹಾಕಿಸಿ ಹಂಚುತ್ತಿದ್ದ. 1665ರ ಪ್ಲೇಗಿನಲ್ಲಿ ಅವನು ಸತ್ತ ಮೇಲೆ ಜಾನ್ ಓವರ್ಟನ್ ಎಂಬುವನು ಅಂಗಡಿಯನ್ನೂ ತಗಡುಗಳನ್ನೂ ಕೊಂಡು ವ್ಯಾಪಾರ ಮುಂದುವರಿಸಿದ. ಯಾವಾಗ ಯಾರ ಮುಖಕ್ಕೆ ಗಿರಾಕಿ ಹೆಚ್ಚು ಎಂಬುದು ಇಂಥವರಿಗೆ ಚೆನ್ನಾಗಿ ತಿಳಿದಿತ್ತು. ಚರಿತ್ರೆಯನ್ನು ನೋಡಿದರೆ ನನಗೆ ತೋರುವುದು ಇಷ್ಟು: ಬಾಯಿ ತೆರೆದಿದ್ದಾಗ ಪಾದ್ರಿಯ ಮುಖಕ್ಕೆ ಸಾಧಾರಣ ಬೆಲೆ, ಸಾವಾಗಲಿ, ಸೆರೆಯಾಗಲಿ, ಕಾನೂನಾಗಲಿ ಆ ಬಾಯಿಯನ್ನು ಮುಚ್ಚಿದಾಗ ಅದೇ ಮುಖ ಮನೆಮನೆಗೂ ಬೇಕಾಗುತ್ತಿತ್ತು.

1637ರ ಜೂನ್ 30ರಂದು ವೆಸ್ಟ್‌ಮಿನ್‌ಸ್ಟರಿನ ಅರಮನೆಯಂಗಳದಲ್ಲಿ ಮೂವರನ್ನು ದಂಡದ ಕಂಬಕ್ಕೆ ಸಿಕ್ಕಿಸಿ ಕಿವಿ ಕೊಯ್ದರು. ಹೆನ್ರಿ ಬರ್ಟನ್ ಲಂಡನ್ನಿನ ಫ್ರೈಡೇ ಸ್ಟ್ರೀಟಿನ ಪಾದ್ರಿ, ವಿಲಿಯಂ ಪ್ರಿನ್ ವಕೀಲ, ಜಾನ್ ಬಾಸ್ಟ್‌ವಿಕ್ ವೈದ್ಯ. ಬಿಷಪ್ಪರ ಆಡಳಿತವನ್ನು ಖಂಡಿಸಿ ಮಾತನಾಡಿದ್ದು, ಬರೆದದ್ದು ಅವರ ಅಪರಾಧ. ಅವರನ್ನು ದೂರದೂರದ ಕೋಟೆಗಳಿಗೆ ಸಾಗಿಸಿದರು. ಪ್ರಿನ್ ಚೆಸ್ಟರ್ ಪಟ್ಟಣವನ್ನು ಹಾಯ್ದು ಹೋದಾಗ ಅಲ್ಲಿಯ ಅಭಿಮಾನಿಗಳಿಗಾಗಿ ಅವನ ಭಾವಚಿತ್ರಗಳನ್ನು ಬರೆಯಲಾಯಿತು; ಇವು ಕೊರೆದ ಚಿತ್ರಗಳಲ್ಲ, ಬಣ್ಣದವು. ಸುದ್ದಿ ತಿಳಿದ ಧರ್ಮಾಧಿಕಾರಿಗಳು ಆ ಚಿತ್ರಗಳನ್ನು ಹಿಡಿದು ತರಿಸಿ ಸುಡುವಂತೆ ಅಪ್ಪಣೆ ಮಾಡಿದರು. ಚಿತ್ರವನ್ನು ಆರಾಧಿಸಬಾರದೆಂದು ಹೇಳುವ ಧರ್ಮದೊಳಗೆ, ಕಿವಿಯಿಲ್ಲದ ಒಬ್ಬ ಕೈದಿಯ ಚಿತ್ರಕ್ಕೆ ಆಳುವವರು ಇಷ್ಟು ಹೆದರಿದರು.

ಅವರೆಲ್ಲರ ಮೇಲೆ ಇದ್ದವನು ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ವಿಲಿಯಂ ಲಾಡ್. ಅವನ ಮುಖವನ್ನು ಬರೆದವನು ಮಹಾ ಚಿತ್ರಕಾರ ಫಾನ್ ಡೈಕ್. ಆ ಚಿತ್ರವನ್ನು ಅನುಸರಿಸಿ ಹೊಲ್ಲರನೇ ಮೊದಲಾದವರು ಮಾಡಿದ ಅಚ್ಚಿನ ಪ್ರತಿಗಳು ಊರೆಲ್ಲ ಹರಡಿದವು. ಬಿಳಿಯ ಅಗಲವಾದ ತೋಳುಗಳು, ಚೌಕದ ಟೊಪ್ಪಿಗೆ, ಹುಬ್ಬನ್ನು ಸ್ವಲ್ಪ ಎತ್ತಿದ ಸಂಶಯದ ನೋಟ. 1640ರ ಅಕ್ಟೋಬರ್ 27ರಂದು ಲಾಡ್ ತನ್ನ ದಿನಚರಿಯಲ್ಲಿ ಒಂದು ಸಂಗತಿಯನ್ನು ಬರೆದಿದ್ದಾನೆ. ಆಕ್ಸ್‌ಫರ್ಡಿಗೆ ಕಳಿಸಬೇಕಾದ ಹಸ್ತಪ್ರತಿಗಳನ್ನು ನೋಡಲು ಅವನು ಮೇಲಿನ ಓದುವ ಕೋಣೆಗೆ ಹೋದ. ಗೋಡೆಯ ಮೇಲೆ ತೂಗುಹಾಕಿದ್ದ ಅವನ ಸ್ವಂತ ಭಾವಚಿತ್ರ, ದಾರ ಕಡಿದು, ನೆಲದ ಮೇಲೆ ಬೋರಲಾಗಿ ಬಿದ್ದಿತ್ತು. ಪಾರ್ಲಿಮೆಂಟ್ ತನ್ನನ್ನು ಉರುಳಿಸುತ್ತದೆಂಬ ಬೆದರಿಕೆ ದಿನವೂ ಕಿವಿಗೆ ಬೀಳುತ್ತಿದ್ದ ಹೊತ್ತು ಅದು. ಇದು ಅಪಶಕುನವಾಗದಿರಲಿ ಎಂದು ದೇವರನ್ನು ಬೇಡಿ ಅವನು ಆ ದಿನದ ಬರಹವನ್ನು ಮುಗಿಸಿದ್ದಾನೆ. ಸಂಭಾವಿತ, ಓದಿದವನು, ಅಷ್ಟೇನೂ ಪ್ರೀತಿಪಾತ್ರನಲ್ಲದ ಮುದುಕ. ಬಿದ್ದ ಚಿತ್ರದ ಮುಂದೆ ಅವನು ಒಂಟಿಯಾಗಿ ನಿಂತದ್ದನ್ನು ನೆನೆದಾಗ ಮನಸ್ಸು ಮರುಗುತ್ತದೆ. ಒಂದು ವಾರದೊಳಗೆ, ನವೆಂಬರ್ 3ರಂದು, ಪಾರ್ಲಿಮೆಂಟ್ ಕೂಡಿತು. ನವೆಂಬರ್ ಮುಗಿಯುವ ಮೊದಲೇ ಬರ್ಟನ್ ಮತ್ತು ಪ್ರಿನ್ ಲಂಡನ್ನಿಗೆ ಮೆರವಣಿಗೆಯಲ್ಲಿ ಮರಳಿದರು. ಡಿಸೆಂಬರಿನಲ್ಲಿ ಲಾಡ್ ಬಂಧಿತನಾದ.

ಆಮೇಲೆ ಅವನ ಮುಖ ಜನರ ಕೈಗೆ ಸಿಕ್ಕಿತು. 1641ರಲ್ಲಿ ಬಂದ ಒಂದು ವಿಡಂಬನೆಯ ಪುಸ್ತಕದಲ್ಲಿ, ಮರದಚ್ಚಿನ ಒರಟು ಚಿತ್ರದಲ್ಲಿ, ಲಾಡ್ ಊಟಕ್ಕೆ ಕುಳಿತಿದ್ದಾನೆ. ತಟ್ಟೆಯಲ್ಲಿ ಬಡಿಸಿರುವುದು ಮನುಷ್ಯರ ಕಿವಿಗಳು. ಇನ್ನೊಂದು ಚಿತ್ರದಲ್ಲಿ ಅವನು ಹಕ್ಕಿಯಂತೆ ಪಂಜರದೊಳಗಿದ್ದಾನೆ. ವಿಚಾರಣೆಯಲ್ಲಿ ಅವನ ಮೇಲೆ ಬಂದ ಆಪಾದನೆಗಳಲ್ಲಿ ಒಂದು, ಲ್ಯಾಂಬೆತ್ ಅರಮನೆಯ ಪ್ರಾರ್ಥನಾಮಂದಿರದ ಕಿಟಕಿಗಳಲ್ಲಿ ಒಡೆದುಹೋಗಿದ್ದ ಬಣ್ಣದ ಗಾಜಿನ ಚಿತ್ರಗಳನ್ನು ಸರಿಪಡಿಸಿದ ಎಂಬುದು. ಆ ಸಾಕ್ಷ್ಯವನ್ನೆಲ್ಲ ಕಲೆಹಾಕಿದವನು ಯಾರು? ಚೆಸ್ಟರಿನಲ್ಲಿ ಯಾರ ಚಿತ್ರಗಳಿಗೆ ಬೆಂಕಿಯ ಅಪ್ಪಣೆಯಾಗಿತ್ತೋ ಆ ಪ್ರಿನ್. ಲಾಡನ ದಿನಚರಿಯನ್ನೂ ವಶಪಡಿಸಿಕೊಂಡು, ತನಗೆ ಬೇಕಾದಂತೆ ತಿದ್ದಿ 1644ರಲ್ಲಿ ಅಚ್ಚುಹಾಕಿಸಿದವನೂ ಅವನೇ. 1645ರ ಜನವರಿ 10ರಂದು ಲಾಡನ ತಲೆ ಉರುಳಿತು.

ಹದಿನೈದು ವರ್ಷಗಳ ಬಳಿಕ ದೊರೆತನ ಮರಳಿತು, ಬಿಷಪ್ಪರೂ ಮರಳಿದರು. ಈಗ ಬಾಯಿ ಮುಚ್ಚಬೇಕಾದ ಸರದಿ ಪ್ಯೂರಿಟನ್ ಪಾದ್ರಿಗಳದು. 1662ರ ಏಕರೂಪತೆಯ ಕಾನೂನಿನ ಪ್ರಕಾರ, ಪ್ರಾರ್ಥನಾಗ್ರಂಥದಲ್ಲಿರುವ ಎಲ್ಲಕ್ಕೂ ಒಪ್ಪಿಗೆ ಕೊಡದ ಪಾದ್ರಿ ಆಗಸ್ಟ್ 24ರಂದು ತನ್ನ ಚರ್ಚನ್ನು ಬಿಡಬೇಕಾಗಿತ್ತು. 1660ರಿಂದ 1662ರವರೆಗೆ ಹೀಗೆ ಸ್ಥಾನ ಕಳೆದುಕೊಂಡವರು ಸುಮಾರು 2000 ಮಂದಿ. ಮನೆ, ಸಂಬಳ, ಊರು ಎಲ್ಲ ಹೋದಂತೆಯೇ. ಆಗಸ್ಟ್ 17 ಅವರಲ್ಲಿ ಅನೇಕರ ಕೊನೆಯ ಭಾನುವಾರ. ಆ ದಿನ ಏನಾಯಿತೆಂಬುದನ್ನು ದಿನಚರಿಕಾರ ಸ್ಯಾಮ್ಯುಯೆಲ್ ಪೀಪ್ಸ್ ಬರೆದಿಟ್ಟಿದ್ದಾನೆ. ಡಾಕ್ಟರ್ ಬೇಟ್ಸನ ಬೀಳ್ಕೊಡುಗೆಯ ಪ್ರವಚನ ಕೇಳಲೆಂದು ಬೆಳಿಗ್ಗೆ ಏಳು ಗಂಟೆಗೆ ಮೊದಲೇ ಸೇಂಟ್ ಡನ್‌ಸ್ಟನ್ ಚರ್ಚಿಗೆ ಹೋದನಂತೆ. ಬಾಗಿಲು ತೆರೆದಿರಲಿಲ್ಲ. ತೋಟದಲ್ಲಿ ಒಂದು ಗಂಟೆ ಅಡ್ಡಾಡಿ ಮರಳಿ ಬಂದು, ಹಿಂಬಾಗಿಲಿನಿಂದ ಗುಂಪಿನೊಡನೆ ನುಗ್ಗಿ ಒಳಗೆ ಸೇರಿದ. ಎಲ್ಲರಿಗೂ ಬಾಗಿಲು ತೆರೆಯುವ ಹೊತ್ತಿಗೆ ಅರ್ಧ ಚರ್ಚು ತುಂಬಿಹೋಗಿತ್ತು.

ಆ ಪ್ರವಚನಗಳು ಕೂಡಲೇ ಅಚ್ಚಾದವು, ಸಂಕಲನಗಳಾಗಿ ಮತ್ತೆ ಮತ್ತೆ ಬಂದವು. ಅವುಗಳ ಮೊದಲ ಹಾಳೆಯಲ್ಲಿ ಉಚ್ಚಾಟಿತರಾದ ಪಾದ್ರಿಗಳ ಪುಟ್ಟ ಪುಟ್ಟ ಮುಖಗಳು, ಒಂದೊಂದೂ ಒಂದು ಅಂಡಾಕಾರದೊಳಗೆ, ಸಾಲುಸಾಲಾಗಿ. ಹೆಬ್ಬೆರಳಿನಷ್ಟು ಗಾತ್ರದ ಈ ಮುಖಗಳಲ್ಲಿ ಕಲೆಗಾರಿಕೆ ಹೇಳಿಕೊಳ್ಳುವಷ್ಟಿಲ್ಲ. ಆದರೆ ಇನ್ನು ಎಂದೂ ಪ್ರವಚನಪೀಠದ ಮೇಲೆ ಕಾಣದ ತಮ್ಮ ಪಾದ್ರಿಯನ್ನು ಅಲ್ಲಿ ಹುಡುಕುವ ಕಣ್ಣಿಗೆ ಕಲೆಗಾರಿಕೆಯ ಚಿಂತೆಯಿಲ್ಲ. 1663ರಲ್ಲಿ ಮುದ್ರಣದ ಮೇಲೆ ಕಣ್ಣಿಡುವ ಅಧಿಕಾರವನ್ನು ಬಯಸಿ ರೋಜರ್ ಲೆಸ್ಟ್ರೇಂಜ್ ಬರೆದ ಮನವಿಯಲ್ಲಿ, ಕಾನೂನಿಗೆ ಸವಾಲಾಗಿ ಇಂಥ ಬೀಳ್ಕೊಡುಗೆ ಪ್ರವಚನಗಳ ಸುಮಾರು 30,000 ಪ್ರತಿಗಳು ಅಚ್ಚಾಗಿವೆ ಎಂದು ದೂರಿದ್ದಾನೆ. ದೂರುವವನ ಲೆಕ್ಕ ಸ್ವಲ್ಪ ಉಬ್ಬಿರಬಹುದು. ಅರ್ಧಕ್ಕೆ ಇಳಿಸಿದರೂ ಸಂಖ್ಯೆ ಸಣ್ಣದಲ್ಲ.

ಆ ಸಾಲಿನಲ್ಲಿದ್ದ ಎಡ್ಮಂಡ್ ಕ್ಯಾಲಮಿಯ ಕಥೆಯನ್ನು ಹೇಳದೆ ಮುಂದೆ ಹೋಗಲಾರೆ. ಲಂಡನ್ನಿನ ಆಲ್ಡರ್‌ಮನ್‌ಬರಿಯಲ್ಲಿ ಬಹುಕಾಲ ಪಾದ್ರಿಯಾಗಿದ್ದವನು. ಸ್ಥಾನ ಬಿಟ್ಟ ಮೇಲೂ ಅದೇ ಚರ್ಚಿನ ಬೆಂಚಿನಲ್ಲಿ ಕೇಳುಗನಾಗಿ ಕುಳಿತುಕೊಳ್ಳುತ್ತಿದ್ದ. ಡಿಸೆಂಬರಿನ ಒಂದು ಭಾನುವಾರ ಬರಬೇಕಾಗಿದ್ದ ಉಪದೇಶಕ ಬರಲಿಲ್ಲ. ಜನ ಒತ್ತಾಯಿಸಿದರು, ಮುದುಕ ಎದ್ದು ಮಾತನಾಡಿದ. ಅದಕ್ಕಾಗಿ ಅವನನ್ನು ನ್ಯೂಗೇಟ್ ಸೆರೆಮನೆಗೆ ಹಾಕಿದರು. ದೊರೆಯ ಅಪ್ಪಣೆಯಿಂದ ಬಿಡುಗಡೆಯಾಯಿತು. 1666ರ ಬೆಂಕಿಯ ಬಳಿಕ ಸುಟ್ಟ ಲಂಡನ್ನಿನ ಬೀದಿಗಳಲ್ಲಿ ಅವನನ್ನು ಬಂಡಿಯಲ್ಲಿ ಕರೆದೊಯ್ದರು. ಬೂದಿಯಾದ ಊರನ್ನು ನೋಡಿ ಬಂದವನು ಮತ್ತೆ ಮೇಲೇಳಲಿಲ್ಲ.

ಇದೇ ಕಾಲದಲ್ಲಿ ಬೆಡ್‌ಫರ್ಡಿನ ಸೆರೆಮನೆಯಲ್ಲಿ ಇನ್ನೊಬ್ಬನಿದ್ದ. ಪಾತ್ರೆ ರಿಪೇರಿಯ ಕಸಬಿನವನು, ವಿಶ್ವವಿದ್ಯಾಲಯದ ಮುಖ ಕಾಣದವನು, ಅನುಮತಿಯಿಲ್ಲದೆ ಉಪದೇಶ ಮಾಡಿದ್ದಕ್ಕೆ 1660ರಿಂದ 1672ರವರೆಗೆ ಸೆರೆಯಲ್ಲಿದ್ದ ಜಾನ್ ಬನ್ಯನ್. 19ನೆಯ ಶತಮಾನದಲ್ಲಿ ‘ಯಾತ್ರಿಕನ ಸಂಚಾರ’ ಎಂಬ ಹೆಸರಿನಿಂದ ಕನ್ನಡಕ್ಕೂ ಬಂದ ಅವನ ‘ಪಿಲ್‌ಗ್ರಿಮ್ಸ್ ಪ್ರೋಗ್ರೆಸ್’ ನಮ್ಮ ಓದುಗರಿಗೆ ಹೊಸದಲ್ಲ. ಅದರಲ್ಲಿ ಯಾತ್ರಿಕನು ಅರ್ಥವಿವರಿಸುವವನ ಮನೆಗೆ ಬಂದಾಗ ಅವನಿಗೆ ಮೊಟ್ಟಮೊದಲು ತೋರಿಸುವುದು ಏನನ್ನು ಎಂಬುದನ್ನು ನೆನಪಿಸಿಕೊಳ್ಳಿ. ಗೋಡೆಯ ಮೇಲೆ ತೂಗುಹಾಕಿದ ಒಂದು ಭಾವಚಿತ್ರ! ಗಂಭೀರನಾದ ಒಬ್ಬ ಪುರುಷ, ಕಣ್ಣು ಆಕಾಶದತ್ತ, ಕೈಯಲ್ಲಿ ಶ್ರೇಷ್ಠವಾದ ಗ್ರಂಥ, ಲೋಕ ಬೆನ್ನ ಹಿಂದೆ, ತಲೆಯ ಮೇಲೆ ಚಿನ್ನದ ಕಿರೀಟ. ದಾರಿಯಲ್ಲಿ ಯಾರನ್ನು ನಂಬಿ ನಡೆಯಬೇಕೋ ಆ ಉಪದೇಶಕನ ಚಿತ್ರವದು. ಪುಸ್ತಕ ಹಿಡಿದ ಪಾದ್ರಿಗಳ ಅಚ್ಚಿನ ಚಿತ್ರಗಳನ್ನು ಅಂಗಡಿಯಲ್ಲೋ ಪುಸ್ತಕಗಳಲ್ಲೋ ನೋಡುತ್ತ ಬೆಳೆದವನ ಕಲ್ಪನೆ ಇದು ಎಂದು ನಾನು ಊಹಿಸುತ್ತೇನೆ. ಕಟ್ಟಾ ಪ್ಯೂರಿಟನ್ನನಾದ ಬನ್ಯನ್, ಯಾತ್ರೆಯ ಮೊದಲ ಪಾಠವನ್ನು ಒಂದು ಚಿತ್ರದಿಂದ ಹೇಳಿಸಿದ್ದಾನೆ.

ಬನ್ಯನ್ನನ ಮುಖವೂ ನಮಗೆ ಉಳಿದಿದೆ. ರಾಬರ್ಟ್ ವೈಟ್ ಎಂಬ ಕೊರೆಗಾರ ಸೀಸದ ಕಡ್ಡಿಯಿಂದ ಚರ್ಮಪತ್ರದ ಮೇಲೆ ಅವನನ್ನು ಎದುರಿಗೆ ಕೂರಿಸಿಕೊಂಡು ಬರೆದ ಚಿತ್ರ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ವೈಟ್ ಈ ಕಸಬಿನವರಲ್ಲಿ ನಿಜವಾದ ಕಣ್ಣುಳ್ಳವನು. ಅಗಲವಾದ ಹಳ್ಳಿಗನ ಮುಖ, ದಪ್ಪ ಮೂಗು, ಮೀಸೆ. 1679ರಲ್ಲಿ ‘ಪಿಲ್‌ಗ್ರಿಮ್ಸ್ ಪ್ರೋಗ್ರೆಸ್’ನ ಮೂರನೆಯ ಆವೃತ್ತಿಗೆ ವೈಟ್ ಒಂದು ಚಿತ್ರವನ್ನು ಕೊರೆದ. ಬನ್ಯನ್ ತಲೆಗೆ ಕೈಯಾನಿಸಿ ಕನಸು ಕಾಣುತ್ತಿದ್ದಾನೆ; ಹಿಂದೆ ಬೆನ್ನ ಮೇಲೆ ಹೊರೆ ಹೊತ್ತ ಯಾತ್ರಿಕ ದಾರಿ ಹಿಡಿದಿದ್ದಾನೆ; ಬನ್ಯನ್ನನ ಕೆಳಗೆ ಒಂದು ಗವಿ, ಗವಿಯಲ್ಲಿ ಒಂದು ಸಿಂಹ. ಕಥೆ ಪ್ರಾರಂಭವಾಗುವ ಆ ಗವಿ ಎಂದರೆ ಸೆರೆಮನೆಯೆಂದು ಬನ್ಯನ್ ಪುಟದ ಅಂಚಿನಲ್ಲಿ ಸೂಚಿಸಿದ್ದಾನೆ. ಡನ್ ಸತ್ತವನಂತೆ ಕಣ್ಣು ಮುಚ್ಚಿದ್ದ, ಇವನು ನಿದ್ರಿಸುವವನಂತೆ ಮುಚ್ಚಿದ್ದಾನೆ.

1688ರಲ್ಲಿ ಸೆರೆ ಸೇರುವ ಸರದಿ ಸ್ವತಃ ಬಿಷಪ್ಪರದಾಯಿತು. ಎರಡನೆಯ ಜೇಮ್ಸ್ ದೊರೆಯ ಘೋಷಣೆಯನ್ನು ಚರ್ಚುಗಳಲ್ಲಿ ಓದಿಸಲಾರೆವೆಂದು ಮನವಿ ಕೊಟ್ಟ ಏಳು ಮಂದಿಯನ್ನು ಜೂನ್ 8ರಂದು ಲಂಡನ್ ಟವರಿಗೆ ಕಳಿಸಿದರು. ಜೂನ್ 30ರಂದು ನ್ಯಾಯಾಲಯ ಅವರನ್ನು ನಿರ್ದೋಷಿಗಳೆಂದು ಬಿಟ್ಟಿತು. ಏಳು ಅಂಡಾಕಾರಗಳಲ್ಲಿ ಏಳು ಮುಖಗಳಿರುವ ಹಾಳೆಗಳು, ಪದಕಗಳು ಎಲ್ಲೆಡೆ ಹರಿದಾಡಿದವು. ವರ್ಷ ಕಳೆಯುವುದರೊಳಗೆ ಹೊಸ ದೊರೆ ವಿಲಿಯಂನಿಗೆ ನಿಷ್ಠೆಯ ಪ್ರಮಾಣ ಮಾಡಬೇಕಾಗಿ ಬಂದಾಗ ಏಳರಲ್ಲಿ ಐವರು ಒಪ್ಪಲಿಲ್ಲ, ಇಬ್ಬರು ಒಪ್ಪಿದರು. ಕಾಗದದ ಮೇಲೆ ಮಾತ್ರ ಅವರು ಒಟ್ಟಿಗೇ ಇದ್ದರು.

ಮುಂದೆ ಈ ಚಿತ್ರಗಳ ಜಾತಕವೇ ಬದಲಾಯಿತು. 1709ರ ನವೆಂಬರ್ 5ರಂದು ಹೆನ್ರಿ ಸಚೆವರೆಲ್ ಎಂಬ ಬಾಯಿಬಡುಕ ಪಾದ್ರಿ ಸೇಂಟ್ ಪಾಲಿನಲ್ಲಿ ಸರ್ಕಾರವನ್ನು ಕೆಣಕಿ ಮಾತನಾಡಿದ. 1710ರಲ್ಲಿ ಅವನ ವಿಚಾರಣೆ ನಡೆದು, ಮೂರು ವರ್ಷ ಪ್ರವಚನ ಮಾಡಬಾರದೆಂದು ತೀರ್ಪಾಯಿತು. ಹಿಂದಿನವರ ಕಷ್ಟದ ಮುಂದೆ ಇದು ಏನೂ ಅಲ್ಲ. ಆದರೆ ಅವನ ಮುಖ ಹಾಳೆಗಳಿಗಷ್ಟೇ ಅಲ್ಲದೆ ಹೆಂಗಸರ ಬೀಸಣಿಗೆಗಳಿಗೂ ಏರಿತು. 1732ರಲ್ಲಿ ಹೋಗಾರ್ಥ್ ಪ್ರಕಟಿಸಿದ ‘ವೇಶ್ಯೆಯ ಪಯಣ’ ಚಿತ್ರಮಾಲೆಯ ಮೂರನೆಯ ಚಿತ್ರವನ್ನು ನೋಡಿ. ಆ ಬಡ ಹೆಣ್ಣಿನ ಹರಕು ಕೋಣೆಯ ಗೋಡೆಯ ಮೇಲೆ ಎರಡು ಅಚ್ಚಿನ ಚಿತ್ರಗಳು ಅಕ್ಕಪಕ್ಕ ಅಂಟಿವೆ. ಒಂದು ನಾಟಕದ ದರೋಡೆಗಾರ ಮ್ಯಾಕ್‌ಹೀತನದು, ಇನ್ನೊಂದು ಪೂಜ್ಯ ಡಾಕ್ಟರ್ ಸಚೆವರೆಲ್ಲನದು.

ಸೇಂಟ್ ಡನ್‌ಸ್ಟನ್ ಚರ್ಚಿಗೆ ಹಿಂಬಾಗಿಲಿನಿಂದ ನುಗ್ಗಿದ್ದ ಪೀಪ್ಸ್ ಇಳಿವಯಸ್ಸಿನಲ್ಲಿ ಅಚ್ಚಿನ ಭಾವಚಿತ್ರಗಳನ್ನು ಕೂಡಿಸುವ ಹವ್ಯಾಸಕ್ಕೆ ಬಿದ್ದ. ಅವನ ಸಂಪುಟಗಳು ಕೇಂಬ್ರಿಜಿನ ಮಾಗ್ಡಲಿನ್ ಕಾಲೇಜಿನಲ್ಲಿ ಅವನು ಬಿಟ್ಟುಹೋದ ಪುಸ್ತಕಭಂಡಾರದಲ್ಲಿವೆ. ಪೀಪ್ಸನದು ಒಬ್ಬನ ಅಕ್ಕರೆ. ಅದನ್ನು ಊರಿನ ಹುಚ್ಚನ್ನಾಗಿ ಮಾಡಿದವನು ಜೇಮ್ಸ್ ಗ್ರೇಂಜರ್. ಇವನೂ ಪಾದ್ರಿಯೇ, ಆಕ್ಸ್‌ಫರ್ಡ್ ಪ್ರಾಂತದ ಶಿಪ್ಲೇಕ್ ಎಂಬ ಹಳ್ಳಿಯಲ್ಲಿದ್ದವನು. 1769ರಲ್ಲಿ ಅವನು ಇಂಗ್ಲೆಂಡಿನ ಚರಿತ್ರೆಯನ್ನು ಅಚ್ಚಿನ ಭಾವಚಿತ್ರಗಳ ಪಟ್ಟಿಯ ರೂಪದಲ್ಲಿ ಪ್ರಕಟಿಸಿದ. ಜನರನ್ನು ಹನ್ನೆರಡು ವರ್ಗಗಳಾಗಿ ವಿಂಗಡಿಸಿ, ನಾಲ್ಕನೆಯದರಲ್ಲಿ ಬಿಷಪ್ಪರು, ಪಾದ್ರಿಗಳು, ಭಿನ್ನಮತದ ಉಪದೇಶಕರು ಎಲ್ಲರನ್ನೂ ಸೇರಿಸಿದ. ಲಾಡನೂ ಅವನಿಂದ ಕಿವಿ ಕಳೆದುಕೊಂಡ ಬರ್ಟನ್ನನೂ ಅಂತೂ ಒಂದೇ ಮನೆಯವರಾದರು.

ಗ್ರೇಂಜರನ ಪುಸ್ತಕ ಬರುವ ಮೊದಲು ಯಾವುದೇ ಇಂಗ್ಲಿಷ್ ಭಾವಚಿತ್ರಕ್ಕೆ ಐದು ಷಿಲಿಂಗ್ ಒಳ್ಳೆಯ ಬೆಲೆಯೆನಿಸಿತ್ತಂತೆ. ಬಂದ ಮೇಲೆ ಭಾವಚಿತ್ರಗಳಿರುವ ಹಳೆಯ ಪುಸ್ತಕಗಳ ಬೆಲೆ ಐದು ಪಟ್ಟು ಏರಿತು. ಪಟ್ಟಿಯನ್ನು ಕೈಯಲ್ಲಿ ಹಿಡಿದ ಸಂಗ್ರಾಹಕರು ಹಳೆಯ ಪ್ರವಚನ ಸಂಪುಟಗಳನ್ನು ಕೊಂಡು, ಮುಖದ ಹಾಳೆಯನ್ನು ಕತ್ತರಿಸಿ ತೆಗೆದು, ಮಿಕ್ಕದ್ದನ್ನು ಮೂಲೆಗೆಸೆದರು. ಬೇರೆ ಹಾಳೆಯಾದ್ದರಿಂದ ಕತ್ತರಿಸುವುದು ಸುಲಭವಾಗಿತ್ತು. ಗ್ರೇಂಜರ್ ಅದನ್ನೆಲ್ಲ ನೋಡಲು ಬಹುಕಾಲ ಇರಲಿಲ್ಲ. 1776ರ ಏಪ್ರಿಲ್‌ನಲ್ಲಿ, ತನ್ನ ಹಳ್ಳಿಯ ಚರ್ಚಿನಲ್ಲಿ ಪ್ರಭುಭೋಜನದ ಸಂಸ್ಕಾರವನ್ನು ನಡೆಸುತ್ತಿದ್ದಾಗ ಆಘಾತವಾಗಿ ಬಿದ್ದು, ಮಾರನೆಯ ದಿನ ತೀರಿಕೊಂಡ.

ಹಾಗೆ ಮುಖ ಕಳೆದುಕೊಂಡ ಸಂಪುಟಗಳು ಇಂಗ್ಲೆಂಡಿನ ಪುಸ್ತಕಭಂಡಾರಗಳಲ್ಲಿ ಈಗಲೂ ಇವೆ. ಹೊಲಿಗೆಯ ಬಳಿ ಕತ್ತರಿಸಿದ ಹಾಳೆಯ ಒಂದು ಕಿರಿದಾದ ಅಂಚು, ಅದರ ಪಕ್ಕದಲ್ಲಿ ಹೆಸರಿನ ಪುಟ. ತಾಮ್ರದ ಅಚ್ಚಿನ ಮಸಿ ಗಾಢವಾದದ್ದು. ಪುಸ್ತಕ ಮುಚ್ಚಿ ವರ್ಷಗಟ್ಟಲೆ ಇದ್ದರೆ ಎದುರುಪುಟಕ್ಕೆ ಅದು ಹತ್ತುತ್ತದೆ. ಆದ್ದರಿಂದ ಕೆಲವು ಪ್ರತಿಗಳಲ್ಲಿ ಹೆಸರಿನ ಪುಟವನ್ನು ಬೆಳಕಿಗೆ ಹಿಡಿದರೆ, ಅಕ್ಷರಗಳ ನಡುವೆ, ಎಡಬಲ ತಿರುಗಿದ ಒಂದು ಕೊರಳಪಟ್ಟಿ, ಟೊಪ್ಪಿಗೆಯ ಒಂದು ಅಂಚು, ಮಸುಕಾದ ಎರಡು ಕಣ್ಣುಗಳು ಕಾಣಿಸುತ್ತವೆ.